ಕೂದಲು ಮತ್ತೆ ಬಾರದಂತೆ ಮಾಡುವುದು ಹೇಗೆ? ಸೂಜಿ, ಲೇಸರ್ ಮತ್ತು ನಮ್ಮ ಮೈಬಣ್ಣ

ವ್ಯಾಕ್ಸಿಂಗ್ ಪಟ್ಟಿಗೆ ಅಂಟಿಕೊಂಡು ಬಂದ ಕೂದಲನ್ನು ಹತ್ತಿರದಿಂದ ನೋಡಿ. ಕೆಲವದರ ತುದಿಯಲ್ಲಿ ಬಿಳಿಯ ಪುಟ್ಟ ಗುಂಡು ಕಾಣುತ್ತದೆ. "ನೋಡಿ, ಬೇರು ಸಮೇತ ಬಂದಿದೆ" ಅಂತ ಪಾರ್ಲರ್‌ನವರು ಖುಷಿಯಿಂದ ಹೇಳುತ್ತಾರೆ. ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಕೂದಲು ಮತ್ತೆ ಹಾಜರ್. ಬೇರೇ ಹೋಗಿದ್ದರೆ ಅದು ಬರಬಾರದಿತ್ತು, ಅಲ್ವಾ?

ಬಂದದ್ದು ಬೇರಲ್ಲ. ಕೂದಲಿನ ಕೆಳತುದಿ, ಅಷ್ಟೇ. ಕೂದಲನ್ನು ತಯಾರಿಸುವ ಜಾಗ ಚರ್ಮದೊಳಗೆ ಹಾಗೇ ಉಳಿದಿದೆ. ಶಾಶ್ವತವಾಗಿ ಕೂದಲು ತೆಗೆಯುವ ಎಲ್ಲ ವಿಧಾನಗಳೂ ಆ ಜಾಗವನ್ನೇ ಹಾಳುಮಾಡಲು ಹೊರಟವು. ಅದನ್ನು ಹಾಳುಮಾಡುವುದು ಅಷ್ಟೇನೂ ಕಷ್ಟವಲ್ಲ. ಅದರ ಸುತ್ತಲಿನ ಚರ್ಮಕ್ಕೆ ಏನೂ ಆಗದಂತೆ ಹಾಳುಮಾಡುವುದು ಕಷ್ಟ. ನೂರೈವತ್ತು ವರ್ಷಗಳಿಂದ ವೈದ್ಯರು, ಎಂಜಿನಿಯರ್‌ಗಳು ಒದ್ದಾಡಿದ್ದೆಲ್ಲ ಈ ಎರಡನೆಯದಕ್ಕೆ. ನಮ್ಮಂಥ ಕಂದು ಮೈಬಣ್ಣದವರಿಗೆ ಇದು ಇನ್ನೂ ಒಂದು ಮೆಟ್ಟಿಲು ಕಷ್ಟ. ಯಾಕೆ ಅಂತ ಮುಂದೆ ನೋಡೋಣ.

ಚರ್ಮದೊಳಗೆ ಏನಿದೆ

ಪ್ರತಿ ಕೂದಲೂ ಚರ್ಮದೊಳಗೆ ಇಳಿದ ಒಂದು ಸಣ್ಣ ಕೊಳವೆಯಲ್ಲಿ ನಿಂತಿರುತ್ತದೆ. ಇದನ್ನು ರೋಮಕೂಪ ಎನ್ನುತ್ತಾರೆ. ದಪ್ಪ ಕೂದಲಿನದಾದರೆ ಇದು ಕೆಲವು ಮಿಲಿಮೀಟರ್ ಆಳಕ್ಕಿರುತ್ತದೆ. ತಳದಲ್ಲಿ ಕೊಳವೆ ಉಬ್ಬಿಕೊಂಡು, ಅದರೊಳಗೆ ರಕ್ತನಾಳಗಳಿರುವ ಪ್ಯಾಪಿಲ್ಲಾ ಎಂಬ ಭಾಗ ಇರುತ್ತದೆ. ಕೂದಲಿಗೆ ಆಹಾರ ಸಿಗುವುದೂ ಇಲ್ಲಿಂದ, ಬೆಳೆಯಲು ಸೂಚನೆ ಸಿಗುವುದೂ ಇಲ್ಲಿಂದ. ಇದನ್ನು ಸುಟ್ಟರೆ ಕೆಲಸ ಮುಗಿಯಿತು ಅಂತ ಬಹಳ ಕಾಲ ನಂಬಿದ್ದರು.

1990ರಲ್ಲಿ ಅಮೆರಿಕದ ಸಂಶೋಧಕರು ಬೇರೆಯೇ ಒಂದು ಸಂಗತಿ ತೋರಿಸಿದರು. ಚಳಿಯಾದಾಗ ಮೈ ಜುಮ್ಮೆಂದು ರೋಮ ನಿಲ್ಲುತ್ತದಲ್ಲ, ಆ ರೋಮವನ್ನು ಎಳೆದು ನಿಲ್ಲಿಸುವ ಪುಟ್ಟ ಸ್ನಾಯು ಕೊಳವೆಯ ಮೇಲ್ಭಾಗದಲ್ಲಿ ಒಂದು ಕಡೆ ಅಂಟಿಕೊಂಡಿದೆ. ಅಲ್ಲಿ ಕೊಳವೆಯ ಗೋಡೆ ಸ್ವಲ್ಪ ಉಬ್ಬಿದೆ. ಕೂದಲಿನ ಕಾಂಡಕೋಶಗಳು (ಸ್ಟೆಮ್ ಸೆಲ್, ಹೊಸ ಕೋಶಗಳನ್ನು ಹುಟ್ಟಿಸುವ ಮೂಲ ಕೋಶಗಳು) ಅಡಗಿರುವುದು ಆ ಉಬ್ಬಿನಲ್ಲಿ. ತಳಭಾಗ ನಾಶವಾದರೂ ಈ ಕೋಶಗಳು ಉಳಿದಿದ್ದರೆ ಅವು ಹೊಸ ತಳವನ್ನೇ ಕಟ್ಟಿಕೊಳ್ಳಬಲ್ಲವು. ಹಾಗಾಗಿ ಗುರಿ ಒಂದಲ್ಲ, ಎರಡು: ಕೆಳಗಿನ ಪ್ಯಾಪಿಲ್ಲಾ ಮತ್ತು ಮೇಲಿನ ಕಾಂಡಕೋಶ. ವ್ಯಾಕ್ಸ್ ಎರಡನ್ನೂ ಮುಟ್ಟುವುದಿಲ್ಲ. ಶೇವಿಂಗ್ ಅಂತೂ ಚರ್ಮದ ಒಳಗೇ ಇಳಿಯುವುದಿಲ್ಲ.

ಶೇವ್ ಮಾಡಿದರೆ ಕೂದಲು ದಪ್ಪಗಾಗಿ, ಜಾಸ್ತಿ ಬರುತ್ತದೆ ಅನ್ನುವ ಮಾತು ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಅಳೆದು ನೋಡಿ, ಹಾಗೇನೂ ಆಗುವುದಿಲ್ಲ ಎಂದು ಬರೆದರು. ತಾನಾಗಿ ಬೆಳೆದ ಕೂದಲಿನ ತುದಿ ಚೂಪಾಗಿರುತ್ತದೆ. ಬ್ಲೇಡು ಕತ್ತರಿಸಿದಾಗ ತುದಿ ಮೊಂಡಾಗುತ್ತದೆ. ಕೈಯಾಡಿಸಿದರೆ ಒರಟು ಅನ್ನಿಸುತ್ತದೆ, ಅಷ್ಟೇ. ಇನ್ನು ಎಳೆ ಮಗುವಿಗೆ ಹಿಟ್ಟಿನ ಉಂಡೆ ಉರುಳಿಸಿ, ಅರಿಶಿನ ಕಡಲೆಹಿಟ್ಟು ತಿಕ್ಕಿ ಮೈಕೂದಲು ಹೋಗಿಸುವ ಅಜ್ಜಿಯರ ಪದ್ಧತಿ. ಹುಟ್ಟುವಾಗ ಮಗುವಿನ ಮೈಮೇಲಿರುವ ಆ ನುಣುಪು ರೋಮ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ. ಹೆಸರು ಮಾತ್ರ ಕಡಲೆಹಿಟ್ಟಿಗೆ ಬರುತ್ತದೆ. ಮಗುವಿನ ಚರ್ಮವನ್ನು ಸುಮ್ನೆ ತಿಕ್ಕಿ ಕೆಂಪು ಮಾಡಬೇಡಿ.

ಇನ್ನೊಂದು ವಿಷಯ ಗೊತ್ತಿರಬೇಕು. ಕೂದಲು ಎಡೆಬಿಡದೆ ಬೆಳೆಯುವುದಿಲ್ಲ. ಬೆಳೆಯುವ ಹಂತ, ಕುಗ್ಗುವ ಹಂತ, ಸುಮ್ಮನಿರುವ ಹಂತ ಹೀಗೆ ಮೂರು ಸುತ್ತು. ಸುಮ್ಮನಿದ್ದ ಕೂದಲು ಉದುರಿ, ಅದೇ ಕೊಳವೆಯಲ್ಲಿ ಹೊಸದು ಹುಟ್ಟುತ್ತದೆ. ತಲೆಯಲ್ಲಿ ಬೆಳೆಯುವ ಹಂತ 2ರಿಂದ 6 ವರ್ಷ ನಡೆಯುತ್ತದೆ. ಅದಕ್ಕೇ ಜಡೆ ಸೊಂಟದವರೆಗೂ ಬರುತ್ತದೆ. ಮೈಮೇಲಿನ ಕೂದಲಿಗೆ ಈ ಹಂತ ಕೆಲವೇ ತಿಂಗಳು. ಕಾಲಿನ ಮೇಲೆ ಯಾವ ದಿನ ನೋಡಿದರೂ ಬೆಳೆಯುತ್ತಿರುವ ಕೂದಲು ಕಡಿಮೆ, ಮಲಗಿರುವುದೇ ಜಾಸ್ತಿ. ಇದು ಬರೀ ಪಠ್ಯಪುಸ್ತಕದ ಮಾತಲ್ಲ. ಕ್ಲಿನಿಕ್‌ನಲ್ಲಿ ನಿಮಗೆ ಎಷ್ಟು ಸೆಶನ್ ಬೇಕು ಅನ್ನುವುದು ನಿಂತಿರುವುದೇ ಇದರ ಮೇಲೆ.

ಒಂದು ಕೂದಲಿಗೆ ಒಂದು ಸೂಜಿ

ಶಾಶ್ವತ ವಿಧಾನ ಶುರುವಾದದ್ದು ಸೌಂದರ್ಯಕ್ಕಾಗಿ ಅಲ್ಲ. ಕೆಲವರಿಗೆ ರೆಪ್ಪೆಗೂದಲು ಒಳಕ್ಕೆ ತಿರುಗಿ ಬೆಳೆದು ಕಣ್ಣುಗುಡ್ಡೆಯನ್ನು ಉಜ್ಜುತ್ತದೆ. ಬಹಳ ಹಿಂಸೆ, ದೃಷ್ಟಿಗೂ ಅಪಾಯ. ಕಿತ್ತರೆ ಮತ್ತೆ ಬರುತ್ತದೆ. ಅದೇ ಸೇಂಟ್ ಲೂಯಿಸ್ ನಗರದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್ ಆ ಕೂದಲ ಬುಡಕ್ಕೆ ತೆಳ್ಳಗಿನ ಸೂಜಿ ಇಳಿಸಿ ಬ್ಯಾಟರಿಯ ವಿದ್ಯುತ್ ಹರಿಸಿದರು. ಕೂದಲು ಮತ್ತೆ ಬರಲಿಲ್ಲ. 1875ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎಲೆಕ್ಟ್ರಾಲಿಸಿಸ್ ಹುಟ್ಟಿದ್ದು ಹೀಗೆ.

ಇಲ್ಲಿ ಕೂದಲನ್ನು ಸುಡುವುದು ವಿದ್ಯುತ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಿಷೆಲ್ ಬಳಸಿದ ವಿಧಾನದಲ್ಲಿ ಶಾಖದ ಪಾತ್ರವಿಲ್ಲ. ನಡೆಯುವುದು ಅಪ್ಪಟ ರಸಾಯನಶಾಸ್ತ್ರ. ರೋಮಕೂಪದೊಳಗೆ ಸದಾ ಒಂದಿಷ್ಟು ಉಪ್ಪುನೀರಿನ ಪಸೆ ಇರುತ್ತದೆ. ಸೂಜಿಯನ್ನು ಋಣ ತುದಿಗೆ ಜೋಡಿಸಿ, ಧನ ತುದಿಯನ್ನು ಕೈಯಲ್ಲಿ ಹಿಡಿಸುತ್ತಾರೆ. ನೇರ ವಿದ್ಯುತ್ ಹರಿದಾಗ ಸೂಜಿಯ ಸುತ್ತಲಿನ ಉಪ್ಪುನೀರು ಒಡೆದು ಸೋಡಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಅಂದರೆ ಕಾಸ್ಟಿಕ್ ಸೋಡಾ. ಕಟ್ಟಿಕೊಂಡ ಚರಂಡಿ ಪೈಪ್ ಬಿಡಿಸಲು ಹಾಕುವ ಅದೇ ಪದಾರ್ಥ, ಇಲ್ಲಿ ಕಣ್ಣಿಗೆ ಕಾಣದಷ್ಟು. ಅದು ಕೊಳವೆಯ ಉದ್ದಕ್ಕೂ ಹರಡಿ ಕೋಶಗಳನ್ನು ಕರಗಿಸುತ್ತದೆ. ಸೂಜಿ ತೆಗೆದ ಮೇಲೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ.

ತೊಂದರೆ ಏನೆಂದರೆ ಇದು ನಿಧಾನ. ಬಹಳ ನಿಧಾನ. ಒಂದೊಂದು ಕೂದಲಿಗೂ ಸೂಜಿ ಇಳಿಸಿ ಕಾಯುತ್ತ ಕೂರಬೇಕು. 1916ರಲ್ಲಿ ಪಾಲ್ ಕ್ರೀ ಎಂಬುವರು ಒಟ್ಟಿಗೆ ಹಲವು ಸೂಜಿ ಹಾಕುವ ಯಂತ್ರ ತಂದರು. 1920ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಬೋರ್ಡಿಯೆ ಹೆಚ್ಚು ಕಂಪನಾಂಕದ ಪರ್ಯಾಯ ವಿದ್ಯುತ್ ಬಳಸಿದರು. ಇಲ್ಲಿ ಮಾತ್ರ ಶಾಖವೇ ಆಯುಧ: ಸೂಜಿಯ ತುದಿಯ ಸುತ್ತ ನೀರಿನ ಅಣುಗಳು ಅಲುಗಾಡಿ ಬಿಸಿಯಾಗಿ, ಬುಡ ಬೆಂದುಹೋಗುತ್ತದೆ. ಒಂದು ಕೂದಲಿಗೆ ಕೆಲವು ಕ್ಷಣ ಸಾಕು. ಇದನ್ನು ಥರ್ಮೋಲಿಸಿಸ್ ಎನ್ನುತ್ತಾರೆ. ಆದರೆ ಡೊಂಕಾದ, ಸುರುಳಿ ಕೂದಲಿನಲ್ಲಿ ಸೂಜಿ ತಳದವರೆಗೆ ಹೋಗುವುದಿಲ್ಲ, ಶಾಖವೂ ಸೂಜಿಯ ಹತ್ತಿರವೇ ಉಳಿಯುತ್ತದೆ. ಕಾಸ್ಟಿಕ್ ಸೋಡಾ ದ್ರವವಾದ್ದರಿಂದ ಡೊಂಕಿನಲ್ಲೂ ಹರಿಯುತ್ತದೆ. 1940ರ ದಶಕದಲ್ಲಿ ಅಮೆರಿಕದ ಆರ್ಥರ್ ಹಿಂಕೆಲ್ ಮತ್ತು ಆನ್ರಿ ಸೇಂಟ್ ಪಿಯರ್ ಎರಡೂ ವಿದ್ಯುತ್ತನ್ನು ಒಂದೇ ಸೂಜಿಯಲ್ಲಿ ಸೇರಿಸಿದರು. ಅದಕ್ಕೆ ಬ್ಲೆಂಡ್ ಎಂದು ಹೆಸರು. ಇಂದಿಗೂ ಈ ಮೂರೂ ಬಳಕೆಯಲ್ಲಿವೆ.

ಎಲೆಕ್ಟ್ರಾಲಿಸಿಸ್‌ಗೆ ಒಂದು ದೊಡ್ಡ ಗುಣ ಇದೆ: ಬಣ್ಣ ನೋಡುವುದಿಲ್ಲ. ಕೂದಲು ಕಪ್ಪಿರಲಿ, ಬೆಳ್ಳಗಿರಲಿ, ಚರ್ಮ ಯಾವ ಬಣ್ಣದ್ದೇ ಆಗಿರಲಿ, ಸೂಜಿಗೆ ಎಲ್ಲ ಒಂದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 'ಶಾಶ್ವತವಾಗಿ ಕೂದಲು ತೆಗೆಯುತ್ತದೆ' ಎಂದು ಹೇಳಿಕೊಳ್ಳಲು ಬಿಟ್ಟಿರುವುದು ಇದಕ್ಕೆ. ಲೇಸರ್‌ಗೆ ಅದು ಬಿಟ್ಟಿರುವುದು 'ಶಾಶ್ವತವಾಗಿ ಕಡಿಮೆ ಮಾಡುತ್ತದೆ' ಎಂಬ ಮಾತನ್ನು ಮಾತ್ರ. ಜಾಹೀರಾತು ನೋಡುವಾಗ ಇದು ನೆನಪಿರಲಿ.

ಆದರೆ ಎಲ್ಲವೂ ಸೂಜಿ ಹಿಡಿದವರ ಕೈಮೇಲಿದೆ. ಕೊಳವೆಯ ಕೋನಕ್ಕೆ ಸರಿಯಾಗಿ ಇಳಿಸದಿದ್ದರೆ ಬುಡ ಉಳಿಯುತ್ತದೆ, ಪಕ್ಕದ ಚರ್ಮ ಸುಡುತ್ತದೆ, ಕಲೆ ಬೀಳುತ್ತದೆ. ಸೂಜಿ ಪ್ರತಿಯೊಬ್ಬರಿಗೂ ಹೊಸದೇ ಆಗಿರಬೇಕು, ಇದರಲ್ಲಿ ಮುಲಾಜು ಬೇಡ. ಮೇಲ್ದುಟಿ, ಗಲ್ಲ, ಹುಬ್ಬಿನ ನಡುವಿನಂಥ ಸಣ್ಣ ಜಾಗಕ್ಕೆ ಇದು ಸರಿ. ಎರಡೂ ಕಾಲಿಗೆ ಮಾಡಿಸುತ್ತೇನೆ ಅಂತ ಕೂತರೆ ಗಂಟೆಗಟ್ಟಲೆ ಹೊತ್ತು, ತಿಂಗಳುಗಟ್ಟಲೆ ಓಡಾಟ.

ನಡುವೆ ಒಂದು ಕೆಟ್ಟ ಅಧ್ಯಾಯ

ಸೂಜಿಯ ಈ ನಿಧಾನವೇ ಜನರನ್ನು ಅಡ್ಡದಾರಿಗೆ ತಳ್ಳಿತು. ಎಕ್ಸ್-ರೇ ಪತ್ತೆಯಾದದ್ದು 1895ರಲ್ಲಿ. ಮರುವರ್ಷವೇ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಫ್ರಾಯ್ಂಡ್, ಬೆನ್ನಿನ ತುಂಬ ಕೂದಲಿದ್ದ ದೊಡ್ಡ ಮಚ್ಚೆಯ ಒಬ್ಬ ಪುಟ್ಟ ಹುಡುಗಿಗೆ ಎಕ್ಸ್-ರೇ ಹಾಯಿಸಿದರು. ಕೂದಲು ಉದುರಿತು. ಬೆನ್ನಿನಲ್ಲಿ ಹುಣ್ಣೂ ಆಯಿತು. ಕೂದಲು ಉದುರಿದ್ದು ಮಾತ್ರ ಎಲ್ಲರ ಕಣ್ಣಿಗೆ ಬಿತ್ತು.

1920ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯ ಆಲ್ಬರ್ಟ್ ಗೈಸರ್ 'ಟ್ರೈಕೋ' ಎಂಬ ಎಕ್ಸ್-ರೇ ಯಂತ್ರ ಮಾಡಿ ಸಲೂನ್‌ಗಳಿಗೆ ಕೊಟ್ಟರು. ಹೆಂಗಸರು ಕುರ್ಚಿಯಲ್ಲಿ ಕೂತು ಮುಖಕ್ಕೆ ವಿಕಿರಣ ಹಾಯಿಸಿಕೊಂಡರು. ನೋವಿಲ್ಲ, ಸೂಜಿಯಿಲ್ಲ, ಕೂದಲು ತಾನಾಗಿ ಬೀಳುತ್ತದೆ. ಕೆಲವು ವರ್ಷಗಳ ನಂತರ ಅದೇ ಮುಖಗಳಲ್ಲಿ ಸುಕ್ಕು, ಕಲೆ, ಮಾಯದ ಹುಣ್ಣು, ಕೊನೆಗೆ ಕ್ಯಾನ್ಸರ್. 1930ರ ದಶಕದ ಆರಂಭದಲ್ಲಿ 'ಕೊರೆಮ್ಲು' ಎಂಬ ಕ್ರೀಮ್ ಬಂತು. ಅದರಲ್ಲಿದ್ದದ್ದು ಥ್ಯಾಲಿಯಂ, ಆ ಕಾಲದ ಇಲಿಪಾಷಾಣ. ಹಚ್ಚಿಕೊಂಡವರಿಗೆ ಮೇಲ್ದುಟಿಯ ಕೂದಲ ಜೊತೆ ತಲೆಗೂದಲೂ ಹೋಯಿತು, ನರಗಳು ಕೆಟ್ಟವು, ಕೆಲವರಿಗೆ ಕಣ್ಣೂ ಮಂಜಾಯಿತು. 1938ರಲ್ಲಿ ಅಮೆರಿಕ ಸೌಂದರ್ಯ ಸಾಧನಗಳನ್ನೂ ಕಾನೂನಿನ ಹಿಡಿತಕ್ಕೆ ತಂದದ್ದರ ಹಿಂದೆ ಇಂಥ ಕ್ರೀಮ್‌ಗಳ ಕಥೆಯೂ ಇದೆ. ಎಕ್ಸ್-ರೇಗೂ ಥ್ಯಾಲಿಯಂಗೂ ಕೂದಲ ಬುಡವನ್ನು ಕೊಲ್ಲುವ ಶಕ್ತಿ ಇತ್ತು. ಅಲ್ಲಿಗೇ ನಿಲ್ಲುವುದು ಗೊತ್ತಿರಲಿಲ್ಲ.

ಬೆಳಕು ಕಪ್ಪನ್ನು ಹುಡುಕುತ್ತದೆ

ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರಲ್ಲಿ. ಅದನ್ನು ಚರ್ಮಕ್ಕೆ ಹಿಡಿದು ನೋಡಿದವರಿಗೆ ಕೂದಲು ಸುಡುವುದು ಬೇಗ ಕಾಣಿಸಿತು, ಚರ್ಮವೂ ಸುಡುವುದು ಕಾಣಿಸಿತು. ಎರಡನ್ನೂ ಬೇರೆ ಮಾಡುವ ಉಪಾಯ 1983ರಲ್ಲಿ ಬಂತು. ಬಾಸ್ಟನ್‌ನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಆ ತತ್ವದ ಮೇಲೆ ಇಂದಿನ ಲೇಸರ್ ಕ್ಲಿನಿಕ್‌ಗಳೆಲ್ಲ ನಡೆಯುತ್ತಿವೆ.

ತತ್ವದಲ್ಲಿ ಎರಡು ಭಾಗ. ಒಂದು ಬಣ್ಣ. ಕೂದಲಿನ ಕಪ್ಪಿಗೆ ಕಾರಣ ಮೆಲನಿನ್. ಲೇಸರ್ ಅಂದರೆ ಒಂದೇ ತರಂಗಾಂತರದ, ಅಂದರೆ ಒಂದೇ ಬಣ್ಣದ ಬೆಳಕು. ಮೆಲನಿನ್ ಚೆನ್ನಾಗಿ ಹೀರುವ, ಆದರೆ ರಕ್ತ ಮತ್ತು ನೀರು ಅಷ್ಟಾಗಿ ಹೀರದ ತರಂಗಾಂತರ ಆರಿಸಿದರೆ ಬೆಳಕು ಚರ್ಮವನ್ನು ದಾಟಿ ಕೂದಲಿನಲ್ಲಿ ಇಂಗುತ್ತದೆ. ಇಂಗಿದ ಬೆಳಕು ಶಾಖವಾಗುತ್ತದೆ.

ಇನ್ನೊಂದು ಭಾಗ ಹೊತ್ತು, ಅಂದರೆ ಬೆಳಕು ಎಷ್ಟು ಹೊತ್ತು ಬೀಳುತ್ತದೆ ಎಂಬುದು. ನನ್ನ ಮಟ್ಟಿಗೆ ಜಾಣತನ ಇರುವುದು ಇಲ್ಲೇ. ಒಲೆಯಿಂದ ಈಗಷ್ಟೇ ಇಳಿಸಿದ ಕಾಫಿಯನ್ನು ಒಂದು ಚಮಚದಲ್ಲೂ ಒಂದು ಲೋಟದಲ್ಲೂ ಇಟ್ಟು ನೋಡಿ. ಚಮಚದ್ದು ಬಾಯಿಗೆ ಇಡುವಷ್ಟರಲ್ಲಿ ಆರಿರುತ್ತದೆ, ಲೋಟದ್ದು ಬಿಸಿಯಾಗೇ ಇರುತ್ತದೆ. ಚರ್ಮದ ಮೇಲ್ಪದರ ಬಹಳ ತೆಳು. ಅದು ಕೆಲವೇ ಮಿಲಿಸೆಕೆಂಡುಗಳಲ್ಲಿ ಶಾಖ ಬಿಟ್ಟುಕೊಡುತ್ತದೆ. ದಪ್ಪ ಕೂದಲಿನ ರೋಮಕೂಪಕ್ಕೆ ಸುಮಾರು 40ರಿಂದ 100 ಮಿಲಿಸೆಕೆಂಡ್ ಬೇಕು. ಈ ಎರಡರ ನಡುವೆ ಬೀಳುವಂತೆ ಬೆಳಕಿನ ಮಿಡಿತದ ಉದ್ದ ಇಟ್ಟರೆ ಮೇಲ್ಪದರ ಬಿಸಿಯಾಗುತ್ತಲೇ ತಣ್ಣಗಾಗುತ್ತ ಹೋಗುತ್ತದೆ, ಬುಡದಲ್ಲಿ ಮಾತ್ರ ಶಾಖ ಕೂಡುತ್ತ ಹೋಗುತ್ತದೆ. ಜೊತೆಗೆ ಯಂತ್ರದ ತುದಿಯಲ್ಲಿ ತಣ್ಣನೆಯ ನೀಲಮಣಿ ಗಾಜು, ತಂಪು ಗಾಳಿ, ಅಥವಾ ಶೀತಕ ದ್ರವದ ಸಿಂಪಡಣೆ ಇರುತ್ತದೆ. ಅದು ಹಿತವಾಗಲಿ ಅಂತ ಇಟ್ಟದ್ದಲ್ಲ. ಚರ್ಮ ಉಳಿಸುವ ಅರ್ಧ ಕೆಲಸ ಅದರದ್ದೇ.

ಇನ್ನೊಂದು ತೊಡಕು ಉಳಿಯಿತು. ನಾಶವಾಗಬೇಕಾದ ಕಾಂಡಕೋಶಗಳಿಗೆ ಕಪ್ಪು ಬಣ್ಣವಿಲ್ಲ. ಬೆಳಕಿಗೆ ಅವು ಕಾಣುವುದೇ ಇಲ್ಲ. ಆದ್ದರಿಂದ ಲೇಸರ್ ಮೊದಲು ಕೂದಲನ್ನು ಕಾಯಿಸಬೇಕು, ಆ ಶಾಖ ಕೂದಲಿನಿಂದ ಹೊರಗೆ ಹರಿದು ಪಕ್ಕದ ಕಾಂಡಕೋಶಗಳನ್ನು ಮುಟ್ಟಬೇಕು. ಲೇಸರ್‌ಗೆ ಹೋಗುವ ಮುಂಚೆ "ಶೇವ್ ಮಾಡಿಕೊಂಡು ಬನ್ನಿ, ವ್ಯಾಕ್ಸ್ ಥ್ರೆಡಿಂಗ್ ಮಾತ್ರ ಬೇಡ" ಎಂದು ಹೇಳುವುದು ಇದಕ್ಕೇ. ಶೇವ್ ಮಾಡಿದರೆ ಚರ್ಮದೊಳಗಿನ ಕೂದಲು ಉಳಿದಿರುತ್ತದೆ. ವ್ಯಾಕ್ಸ್ ಮಾಡಿದರೆ ಶಾಖ ಹಿಡಿಯಬೇಕಾದ ಕೂದಲೇ ಇಲ್ಲ. ಸಾಮಾನ್ಯವಾಗಿ ನಾಲ್ಕು ವಾರ ಮುಂಚಿನಿಂದಲೇ ಕೀಳುವುದನ್ನು ನಿಲ್ಲಿಸಬೇಕು. ಶೇವ್ ಮಾಡದೆ ಹೋದರೂ ಕಷ್ಟ: ಹೊರಗಿನ ಕೂದಲು ಚರ್ಮದ ಮೇಲೇ ಸುಟ್ಟು ಗಾಯ ಮಾಡುತ್ತದೆ.

ಮಲಗಿರುವ ಕೂದಲಿನ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಬೆಳೆಯುತ್ತಿರುವ ಕೂದಲಿನಲ್ಲಿ ಮಾತ್ರ ತಳದವರೆಗೆ ಮೆಲನಿನ್ ತುಂಬಿರುತ್ತದೆ. ಸುಮ್ಮನಿರುವ ಹಂತದಲ್ಲಿ ಕೊಳವೆ ಕುಗ್ಗಿ, ಕೂದಲು ಮೇಲೆ ಸರಿದು, ಬುಡ ಬಿಳಿಯಾಗಿರುತ್ತದೆ. ವ್ಯಾಕ್ಸ್ ಪಟ್ಟಿಯಲ್ಲಿ ಕಂಡ ಬಿಳಿ ಗುಂಡು ಬಹುಪಾಲು ಅಂಥದ್ದೇ. ಹಾಗಾಗಿ ಒಂದು ಸಲಕ್ಕೆ ಲೇಸರ್ ಕೈಗೆ ಸಿಗುವುದು ಒಂದು ಪಾಲು ಮಾತ್ರ. ಉಳಿದವು ಎದ್ದು ಬರುವವರೆಗೆ ಕಾಯಬೇಕು. ಮುಖಕ್ಕೆ 4ರಿಂದ 6 ವಾರ, ಮೈಗೆ 6ರಿಂದ 8 ವಾರದ ಅಂತರದಲ್ಲಿ ಆರೆಂಟು ಸೆಶನ್ ಎನ್ನುವುದು ಇದೇ ಲೆಕ್ಕ. ವಾರಕ್ಕೊಂದು ಸೆಶನ್ ಮಾಡಿ ಒಂದೇ ತಿಂಗಳಲ್ಲಿ ಮುಗಿಸುತ್ತೇವೆ ಎನ್ನುವವರಿಗೆ ಈ ಸುತ್ತು ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿಲ್ಲ.

ಮೊದಲ ಸೆಶನ್ ಆದ ಮೇಲೆ ಒಂದೆರಡು ವಾರ ಕೂದಲು ಬೆಳೆಯುತ್ತಿರುವಂತೆ ಕಾಣುತ್ತದೆ. "ಏನೂ ಆಗಲಿಲ್ಲ, ದುಡ್ಡು ದಂಡ" ಅಂತ ಅನ್ನಿಸುತ್ತದೆ. ಅದು ಸುಟ್ಟ ಕೂದಲನ್ನು ಚರ್ಮ ಹೊರಗೆ ತಳ್ಳುತ್ತಿರುವುದು. ಮೆಲ್ಲಗೆ ಉಜ್ಜಿದರೆ ಉದುರುತ್ತದೆ.

ಚರ್ಮದಲ್ಲೂ ಅದೇ ಕಪ್ಪು ಇದ್ದರೆ?

ಮೊದಲ ತಲೆಮಾರಿನ ಲೇಸರ್‌ಗಳು ಬೆಳ್ಳನೆಯ ಚರ್ಮ, ಕಪ್ಪು ಕೂದಲು ಇರುವವರಿಗೆ ಹೇಳಿ ಮಾಡಿಸಿದಂತಿದ್ದವು. 1996ರಲ್ಲಿ ಬಾಸ್ಟನ್‌ನಿಂದ ಬಂದ ಪ್ರಯೋಗದ ವರದಿಯಲ್ಲಿದ್ದದ್ದು 694 ನ್ಯಾನೋಮೀಟರ್ ತರಂಗಾಂತರದ ಮಾಣಿಕ್ಯ ಲೇಸರ್. ಮೆಲನಿನ್ ಅದನ್ನು ಗಟಗಟ ಹೀರುತ್ತದೆ. ಆದರೆ ಮೆಲನಿನ್ ಕೂದಲಿನಲ್ಲಿ ಮಾತ್ರ ಇಲ್ಲ. ನಮ್ಮ ಚರ್ಮದ ಮೇಲ್ಪದರದಲ್ಲೂ ಅದೇ ಮೆಲನಿನ್ ಇದೆ. ಬೆಳಕಿಗೆ 'ಇದು ಕೂದಲು, ಅದು ಚರ್ಮ' ಎಂಬ ಭೇದ ಗೊತ್ತಿಲ್ಲ. ಅದು ಬುಡಕ್ಕೆ ಇಳಿಯುವ ಮೊದಲೇ ಚರ್ಮದಲ್ಲಿ ನಿಂತು ಅಲ್ಲೇ ಸುಡುತ್ತದೆ.

ವೈದ್ಯರು ಮೈಬಣ್ಣವನ್ನು 1ರಿಂದ 6ರವರೆಗೆ ವಿಂಗಡಿಸುತ್ತಾರೆ. 1975ರಲ್ಲಿ ಅಮೆರಿಕದ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಮಾಡಿದ ಅಳತೆ ಇದು. ಆಗ ಅದರಲ್ಲಿದ್ದದ್ದು ಬಿಳಿಯರ ಚರ್ಮ ಮಾತ್ರ, ಬಿಸಿಲಿಗೆ ಎಷ್ಟು ಸುಡುತ್ತದೆ ಎಂಬ ಲೆಕ್ಕಕ್ಕೆ. ಕಂದು ಮತ್ತು ಕಪ್ಪು ಚರ್ಮದ ವರ್ಗಗಳು ಆಮೇಲೆ ಸೇರಿದವು. ಕರ್ನಾಟಕದ ಬಹುತೇಕರು 4 ಮತ್ತು 5ನೇ ವರ್ಗದಲ್ಲಿ ಬರುತ್ತೇವೆ. ಯುರೋಪಿನವರಿಗೆ ಇಟ್ಟ ಸೆಟ್ಟಿಂಗ್ ನಮಗೆ ಹಾಕಿದರೆ ಬೊಬ್ಬೆ ಏಳುತ್ತದೆ. ಬೊಬ್ಬೆ ಮಾಯ್ದ ಮೇಲೂ ಅಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಕೆಲವೊಮ್ಮೆ ಬಿಳಿ ಕಲೆಯೂ ಆಗುತ್ತದೆ. ಮೇಲ್ದುಟಿಯ ನಾಲ್ಕು ಕೂದಲಿನ ಬದಲು ಮೇಲ್ದುಟಿಯ ಮೇಲೊಂದು ಕಲೆ ಹೊತ್ತು ತಿರುಗುವುದು ಯಾರಿಗೆ ಬೇಕು?

ದಾರಿ ಸಿಕ್ಕಿದ್ದು ತರಂಗಾಂತರ ಹೆಚ್ಚಿಸುವುದರಲ್ಲಿ. ತರಂಗಾಂತರ ಹೆಚ್ಚಾದಂತೆ ಮೆಲನಿನ್ ಹೀರುವುದು ಕಡಿಮೆಯಾಗುತ್ತದೆ, ಬೆಳಕು ಆಳಕ್ಕೂ ಇಳಿಯುತ್ತದೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ತಿಳಿ ಮೈಬಣ್ಣಕ್ಕೆ ಒಳ್ಳೆಯದು. 800-810ರ ಡಯೋಡ್ ಲೇಸರ್ ನಡುವಿನದು. ನಮ್ಮ ಕ್ಲಿನಿಕ್‌ಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. 1064ರ ಎನ್‌ಡಿ-ಯಾಗ್ ಕಪ್ಪು ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತ. ಅದು ಚರ್ಮದ ಮೆಲನಿನ್ನನ್ನು ಅಷ್ಟಾಗಿ ಗಣನೆಗೇ ತೆಗೆದುಕೊಳ್ಳದೆ ಕೆಳಗೆ ಇಳಿಯುತ್ತದೆ. ಆದರೆ ಇದಕ್ಕೊಂದು ಬೆಲೆ ಇದೆ: ಕೂದಲಿನ ಮೆಲನಿನ್ ಕೂಡ ಅದನ್ನು ಕಡಿಮೆಯೇ ಹೀರುತ್ತದೆ. ದಪ್ಪ ಕಪ್ಪು ಕೂದಲಿಗೆ ಪರವಾಗಿಲ್ಲ, ತೆಳ್ಳಗಿನ ಕೂದಲಿಗೆ ಸಾಲದು. ನೋವೂ ಸ್ವಲ್ಪ ಜಾಸ್ತಿ. ಕಂದು ಚರ್ಮಕ್ಕೆ ಮಿಡಿತವನ್ನು ಉದ್ದ ಮಾಡಿ, ಶಕ್ತಿಯನ್ನು ಮಿತಿಯಲ್ಲಿಟ್ಟು, ಚೆನ್ನಾಗಿ ತಂಪು ಮಾಡಬೇಕು. ಮೊದಲು ಕಾಣದ ಜಾಗದಲ್ಲಿ ಒಂದೆರಡು ಹೊಡೆತ ಹಾಕಿ ನೋಡಬೇಕು. ಇಷ್ಟೆಲ್ಲ ತಿಳಿದು ಮಾಡುವವರು ಚರ್ಮರೋಗ ತಜ್ಞರ ಬಳಿ ಸಿಗುತ್ತಾರೆ. ರಿಯಾಯಿತಿ ಕೂಪನ್ ಹಂಚುವ ಜಾಗದಲ್ಲಿ ಸಿಗುತ್ತಾರೆಂಬ ಖಾತ್ರಿ ಇಲ್ಲ.

ಬಿಸಿಲಿನ ಮಾತೂ ಇಲ್ಲೇ ಬರುತ್ತದೆ. ಬೇಸಿಗೆ ರಜೆಯಲ್ಲಿ ಗೋಕರ್ಣದ ಸಮುದ್ರ ದಂಡೆಯಲ್ಲಿ ನಾಲ್ಕು ದಿನ ಕಳೆದು ಬಂದ ಕೈಯಲ್ಲಿ ಮೆಲನಿನ್ ಹೆಚ್ಚಿರುತ್ತದೆ. ಹೋದ ತಿಂಗಳು ಸರಿಹೋಗಿದ್ದ ಸೆಟ್ಟಿಂಗೇ ಈ ತಿಂಗಳು ಸುಡಬಹುದು. ದಿನಾ ಸ್ಕೂಟರ್ ಓಡಿಸುವವರ ಮುಂಗೈಗೂ ತೋಳಿಗೂ ಬೇರೆ ಬೇರೆ ಸೆಟ್ಟಿಂಗ್ ಬೇಕಾಗುತ್ತದೆ. ಮೈಮೇಲಿನ ಮಚ್ಚೆ, ಹಚ್ಚೆಗಳ ಮೇಲೆ ಹೊಡೆಯುವಂತೆಯೇ ಇಲ್ಲ. ಹುಬ್ಬಿನ ಕೆಳಗೂ ಇಲ್ಲ. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣವೂ ಮೆಲನಿನ್ನೇ, ರೆಪ್ಪೆ ಮುಚ್ಚಿದ್ದರೂ ಬೆಳಕು ಒಳಗೆ ಹೋಗುತ್ತದೆ. ಅದಕ್ಕೇ ಕೋಣೆಯಲ್ಲಿರುವ ಎಲ್ಲರಿಗೂ ಕನ್ನಡಕ ಕಡ್ಡಾಯ.

ಕೂದಲು ತೆಗೆಯಲು ಬಳಸುವ ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಬಗ್ಗೆ ಎರಡು ಮಾತು. ಅದು ಲೇಸರ್ ಅಲ್ಲ. ಹಲವು ತರಂಗಾಂತರಗಳು ಒಟ್ಟಿಗೆ ಬರುವ ಜೋರು ಫ್ಲಾಶ್. ಮನೆಯಲ್ಲೇ ಬಳಸುವ ಯಂತ್ರಗಳಲ್ಲಿ ಹೆಚ್ಚಿನವು ಇವೇ, ಶಕ್ತಿ ಕಡಿಮೆ ಇಟ್ಟಿರುತ್ತಾರೆ. ಡಬ್ಬದ ಮೇಲೆ ಮೈಬಣ್ಣದ ಚಿತ್ರಪಟ್ಟಿ ಇರುತ್ತದೆ, ಕಪ್ಪಗಿರುವ ಕೊನೆಯ ಬಣ್ಣಗಳಿಗೆ ಅಡ್ಡಗೆರೆ ಎಳೆದಿರುತ್ತಾರೆ. ಕೊಳ್ಳುವ ಮುನ್ನ ಆ ಪಟ್ಟಿಯ ಪಕ್ಕದಲ್ಲಿ ನಿಮ್ಮ ಕೈ ಇಟ್ಟು ನೋಡಿ.

ಕೂದಲು ಹೋಗುವ ಬದಲು ಹೆಚ್ಚಾದರೆ

ಕೆಲವರಿಗೆ ಲೇಸರ್ ಮಾಡಿಸಿದ ಜಾಗದಲ್ಲಿ ಅಥವಾ ಅದರ ಅಂಚಿನಲ್ಲಿ ಮೊದಲಿಗಿಂತ ದಟ್ಟವಾಗಿ ಕೂದಲು ಬರುತ್ತದೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಆಗುತ್ತದೆ. ಮುಖ ಮತ್ತು ಕತ್ತಿನ ಮೇಲೆ, ನಮ್ಮಂಥ ಮೈಬಣ್ಣದವರಲ್ಲಿ, ಹಾರ್ಮೋನ್ ಏರುಪೇರು ಇರುವವರಲ್ಲಿ ಹೆಚ್ಚು. ಕೊಲ್ಲಲು ಸಾಲದ, ಎಬ್ಬಿಸಲು ಸಾಕಾಗುವ ಶಾಖ ಪಕ್ಕದ ರೋಮಕೂಪಗಳಿಗೆ ತಲುಪುವುದು ಇದಕ್ಕೆ ಕೊಡುವ ಒಂದು ವಿವರಣೆ. ಭಯಪಟ್ಟು ಶಕ್ತಿಯನ್ನು ತೀರಾ ಕಡಿಮೆ ಇಡುವುದೂ ಒಳ್ಳೆಯದಲ್ಲ ಅಂತಾಯಿತು. ಕೆನ್ನೆಯ ಎಳೆ ರೋಮಕ್ಕೆ ಲೇಸರ್ ಬೇಡ ಎಂದು ವೈದ್ಯರು ಹೇಳಿದರೆ ಕೇಳಿ. ಅಲ್ಲಿ ಕಪ್ಪೂ ಕಡಿಮೆ, ಈ ಅಪಾಯವೂ ಇದೆ.

ಹಾರ್ಮೋನ್ ಎಂದೆನಲ್ಲ, ಅದನ್ನು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. ಹುಟ್ಟಿದ ಮೇಲೆ ಸಾಮಾನ್ಯವಾಗಿ ನಮ್ಮ ಮೈಯಲ್ಲಿ ಹೊಸ ರೋಮಕೂಪ ಹುಟ್ಟುವುದಿಲ್ಲ. ಆದರೆ ಇರುವ ರೋಮಕೂಪಗಳ ಗುಣ ಬದಲಾಗಬಹುದು. ಕಣ್ಣಿಗೆ ಕಾಣದಂಥ ಎಳೆ ರೋಮವನ್ನು ದಪ್ಪ ಕಪ್ಪು ಕೂದಲು ಮಾಡುವುದು ಆಂಡ್ರೋಜನ್ ಹಾರ್ಮೋನುಗಳು. ಹುಡುಗರಿಗೆ ಮೀಸೆ ಬರುವುದು ಹೀಗೆ. ಹೆಂಗಸರಲ್ಲಿ ಗಲ್ಲ, ಎದೆ, ಹೊಟ್ಟೆಯ ಮೇಲೆ ಹೀಗಾದರೆ ಬಹಳ ಸಲ ಕಾರಣ ಪಿಸಿಓಎಸ್, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು. ಲೇಸರ್ ಈ ಹೊತ್ತಿಗೆ ಕಪ್ಪಾಗಿರುವ ಕೂದಲಿನ ಬುಡ ಸುಡುತ್ತದೆ. ಹಾರ್ಮೋನ್ ಪಕ್ಕದ ಎಳೆ ರೋಮವನ್ನು ಕಪ್ಪು ಮಾಡುತ್ತಲೇ ಇರುತ್ತದೆ. "ಎಂಟು ಸೆಶನ್ ಮಾಡಿಸಿದರೂ ಮತ್ತೆ ಬಂತು" ಎನ್ನುವವರ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಬಂದದ್ದು ಹಳೆಯ ಕೂದಲಲ್ಲ.

ಆದ್ದರಿಂದ ಗಲ್ಲದ ಕೂದಲ ಜೊತೆ ಮುಟ್ಟು ಹಿಂದೆಮುಂದೆ ಆಗುತ್ತಿದ್ದರೆ, ಮೊಡವೆ ಬಿಡದೆ ಕಾಡುತ್ತಿದ್ದರೆ, ಮೊದಲು ರಕ್ತಪರೀಕ್ಷೆ, ಆಮೇಲೆ ಲೇಸರ್. ಕೆಲವೇ ತಿಂಗಳಲ್ಲಿ ದಿಢೀರ್ ಎಂದು ಕೂದಲು ಹೆಚ್ಚಾದರೆ, ದನಿ ಗಡುಸಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇದಕ್ಕಾಗಿ ನಾಚಿಕೊಂಡು ಬಾಗಿಲು ಹಾಕಿಕೊಂಡು ದಾರ, ಚಿಮುಟ ಹಿಡಿದು ಕೂರುವ ಹುಡುಗಿಯರು ನಮ್ಮಲ್ಲಿ ಬಹಳ. ಮದುವೆ ಗೊತ್ತಾದ ಮೇಲೆ ಆತುರಾತುರವಾಗಿ ಕ್ಲಿನಿಕ್‌ಗೆ ಓಡುತ್ತಾರೆ. ಒಂದು ವರ್ಷ ಬೇಕಾಗುವ ಕೆಲಸವನ್ನು ಮುಹೂರ್ತದ ಒಳಗೆ ಮುಗಿಸಿಕೊಡಿ ಎಂದರೆ ಯಾವ ಯಂತ್ರಕ್ಕೂ ಆಗದು.

ಎಫ್ಲಾರ್ನಿಥಿನ್ ಎಂಬ ಕ್ರೀಮ್ ಒಂದಿದೆ. ಮೂಲದಲ್ಲಿ ಆಫ್ರಿಕಾದ ನಿದ್ರಾರೋಗಕ್ಕೆ ಕೊಡುತ್ತಿದ್ದ ಔಷಧ. ಅದು ಕೂದಲನ್ನು ತೆಗೆಯುವುದಿಲ್ಲ, ಬೆಳೆಯುವ ವೇಗ ತಗ್ಗಿಸುತ್ತದೆ. ಹಚ್ಚುವುದು ನಿಲ್ಲಿಸಿದರೆ ಸುಮಾರು ಎಂಟು ವಾರದಲ್ಲಿ ಎಲ್ಲ ಮೊದಲಿನಂತೆ. ಲೇಸರ್ ಜೊತೆಗೆ ಕೆಲವು ವೈದ್ಯರು ಬರೆದುಕೊಡುತ್ತಾರೆ.

ಇದೆಲ್ಲ ಬರೀ ಅಂದದ ಮಾತೂ ಅಲ್ಲ. ಬೆನ್ನಿನ ಕೆಳತುದಿಯ ಸೀಳಿನಲ್ಲಿ ಕೂದಲು ಒಳಹೊಕ್ಕು ಕೀವು ಕಟ್ಟುವ ಪೈಲೊನಿಡಲ್ ಸೈನಸ್ ಮರುಕಳಿಸದಿರಲೆಂದು ಲೇಸರ್ ಮಾಡಿಸುತ್ತಾರೆ. ಶೇವ್ ಮಾಡಿದಾಗಲೆಲ್ಲ ಕೂದಲು ಒಳಕ್ಕೆ ತಿರುಗಿ ಗಡ್ಡದ ತುಂಬ ಗುಳ್ಳೆ ಏಳುವ ಗಂಡಸರಿಗೂ ಇದು ಪರಿಹಾರ. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರಿಗೆ ಗಡ್ಡ ಹೋಗುವುದು ಬದುಕಿನ ನೆಮ್ಮದಿಯ ಪ್ರಶ್ನೆ. ಗಡ್ಡದ ಬುಡಗಳು ದಪ್ಪ, ಆಳ, ದಟ್ಟ. ಅಲ್ಲಿ ಹೆಚ್ಚು ಸೆಶನ್ ಬೇಕು. ಮೊದಲು ಲೇಸರ್‌ನಲ್ಲಿ ದೊಡ್ಡ ಪಾಲು ಕಡಿಮೆ ಮಾಡಿಕೊಂಡು, ಉಳಿದದ್ದನ್ನು ಸೂಜಿಯಲ್ಲಿ ಒಂದೊಂದಾಗಿ ತೆಗೆಸುವುದು ಒಳ್ಳೆಯ ಕ್ರಮ.

ನಲವತ್ತು ದಾಟಿದವರು ಈ ಕ್ರಮದ ಬಗ್ಗೆ ಬೇಗ ಯೋಚಿಸಬೇಕು. ಗಲ್ಲದಲ್ಲಿ ಅಲ್ಲೊಂದು ಇಲ್ಲೊಂದು ಕೂದಲು ಬೆಳ್ಳಗಾಗಲು ಶುರುವಾದರೆ ಅವುಗಳಲ್ಲಿ ಲೇಸರ್ ಹೀರಲು ಏನೂ ಇರುವುದಿಲ್ಲ. ಎಷ್ಟು ಶಕ್ತಿ ಹಾಕಿದರೂ ಬೆಳಕು ಹಾಗೇ ದಾಟಿಹೋಗುತ್ತದೆ. ಬಣ್ಣ ಹಚ್ಚಿಕೊಂಡು ಹೋಗೋಣ ಅಂದರೆ ಅದು ಬುಡದವರೆಗೆ ಇಳಿಯುವುದಿಲ್ಲ. ಲೇಸರ್ ಮಾಡಿಸುವ ಮನಸ್ಸಿದ್ದರೆ ಕೂದಲು ಇನ್ನೂ ಕಪ್ಪಿರುವಾಗಲೇ ಮಾಡಿಸಿ. ಬೆಳ್ಳಗಾದ ಮೇಲೆ ಉಳಿಯುವುದು 1875ರ ಆ ಸೂಜಿಯೊಂದೇ.